ಗೋಡೆಯ ಮೇಲಿನ ತೊಟ್ಟಿಲ ಗೆರೆ

ಇವತ್ತು ನನ್ನ ಮೊಮ್ಮಗಳನ್ನು ನಾನೇ ಎರಡು ಕೈಯಲ್ಲೂ ಎತ್ತಿ ತೊಟ್ಟಿಲಿಗೆ ಹಾಕಿದೆ. ಕನಸಿನೊಳಗೇ ಓಡಾಡುತ್ತಿರುವ ಹಾಗಿದೆ.

ಮಾಂಬಳ್ಳಿಯಲ್ಲಿ ರೇಷ್ಮೆ ನೂಲಿನ ಚರಕ ತಿರುಗಿಸಿ ತಿರುಗಿಸಿ ನನ್ನ ಬಲಭುಜ ನೋಯುತ್ತಿತ್ತು. ಅಲುಗಿಸದಿದ್ದರೆ ವಾಸಿಯಾದೀತೆಂದು ನಾಟಿ ವೈದ್ಯರ ಹತ್ತಿರ ಮೊಟ್ಟೆಯ ಪಟ್ಟು ಹಾಕಿಸಿ, ಮೂರು ತಿಂಗಳು ಕೈಯನ್ನು ಎದೆಗೆ ಕಟ್ಟಿಕೊಂಡೇ ಇದ್ದೆ. ಭುಜ ಬಿಗಿದೇ ಹೋಯಿತು.

ಆಗ ಸಿಕ್ಕಿದವಳು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ. ಮುಟ್ಟುವ ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು. ಕಟ್ಟು ಬಿಚ್ಚಿಸಿ, ನನ್ನ ಬೆರಳುಗಳನ್ನು ಇರುವೆಯಂತೆ ಗೋಡೆ ಹತ್ತಿಸುತ್ತಿದ್ದಳು. “ಇನ್ನೊಂಚೂರು ಕಣವ್ವ, ಒಂದೇ ಒಂಚೂರು” ಎನ್ನುವುದೇ ಅವಳ ಮಾತು.

ಸೊಸೆ ಬಸುರಿಯೆಂದು ತಿಳಿದ ದಿನ ಅವಳ ಮುಂದೆ ಅತ್ತುಬಿಟ್ಟೆ. “ನಮ್ಮನೇಲಿ ಮಗೀನ ಮೊದ್ಲು ತೊಟ್ಲಿಗೆ ಆಕೋಳು ಅಜ್ಜಿ. ಈ ಕೈಲಿ ಆದದಾ?”

“ತೊಟ್ಲ ಎಷ್ಟು ಎತ್ರಕ್ಕೆ ಕಟ್ಟೀರಿ?”

ಎಡಗೈಯಲ್ಲಿ ತೋರಿಸಿದೆ. ಅಷ್ಟೇ ಎತ್ತರಕ್ಕೆ ಅವಳು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. “ಇನ್ನೂ ಏಳೆಂಟು ತಿಂಗ್ಳದೆ. ಅಲ್ಲೀಗಂಟ ಓಗವ್ವ, ಸಾಕು.”

ಬೆರಳು ಗೆರೆ ಮುಟ್ಟಿದ ವಾರ ಅವಳಿಗೆ ಬೇರೆ ಊರಿಗೆ ವರ್ಗವಾಗಿತ್ತು.

ಇವತ್ತು ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತೆವು. ಬಲಗೈ ನೀಡಿ ಪಾಯಸ ಬಡಿಸಿದೆ. ಸೊಸೆ, “ಸಾಕು ಕಣತ್ತೆ” ಎಂದಳು.

“ಇನ್ನೊಂಚೂರು ಕಣವ್ವ,” ಎಂದೆ, “ಒಂದೇ ಒಂಚೂರು.”