ಹೂಂ ಅಂದ ಮೇಲೆ

ಹೋದ ರವಿವಾರ ಬೆಳಗ್ಗೆ ಹತ್ತೂಕಾಲಿಗೆ ನಾನು ಸ್ವಾರಗೇಟ ಬಸ್ ನಿಲ್ದಾಣದ ಎದುರು, ಮೊಬೈಲ್ ಕವರು ಮಾರುವ ಅಂಗಡಿಯಿಂದ ಎರಡು ಹೆಜ್ಜೆ ಈಚೆಗೆ ನಿಂತಿದ್ದೆ. ಕ್ಯಾಮೆರಾದ ಚೀಲ ತೆರೆದಾಗ ಝಿಪ್ಪಿನ ಹಲ್ಲುಗಳ ಸಂದಿಯಿಂದ ಚಿಟಿಕೆಯಷ್ಟು ಹಳದಿ ಪುಡಿ ಉದುರಿತು. ಮೂಸಿ ನೋಡಿದೆ. ಜೇಜುರಿಯ ಭಂಡಾರ... ಆರು ವರ್ಷವಾದರೂ ಅರಿಷಿಣದ ವಾಸನೆ ಪೂರ್ತಿ ಹೋಗಿರಲಿಲ್ಲ.

ಆ ಕವರಿನ ಅಂಗಡಿಯ ಜಾಗದಲ್ಲಿ ಆಗ ಒಂದು ಫೋಟೋ ಸ್ಟುಡಿಯೋ ಇತ್ತು. ನಡೆಸುತ್ತಿದ್ದವರು ವಿಜಯಪುರದ ಕಡೆಯವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆ ಯಾವಾಗಲೂ ಬಸ್ಸಿನ ಅವಸರ. ಕಾಕಾ ಮಾತ್ರ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, "ತೆಗೀಲೇನ್ರಿ?" ಎಂದು ಕೇಳುತ್ತಿದ್ದರು. ಕೂತವರು ಹೂಂ ಎನ್ನುವವರೆಗೆ ಗುಂಡಿ ಒತ್ತುತ್ತಿರಲಿಲ್ಲ. ಮರಾಠಿಯವರು 'ಹೋ' ಎಂದರೂ ನಡೆಯುತ್ತಿತ್ತು, ಬರೀ ತಲೆ ಆಡಿಸಿದರೆ ನಡೆಯುತ್ತಿರಲಿಲ್ಲ. ಫೋಟೋಗೆಂದೇ ಬಂದು ಕೂತವರನ್ನು ಮತ್ತೆ ಕೇಳುವುದೇನು ಎಂದು ನಾನು ನಗುತ್ತಿದ್ದೆ.

ನಾನು ಶಾಲೆಯೊಂದರ ಗುಮಾಸ್ತ. ರವಿವಾರ ಮಾತ್ರ ಕ್ಯಾಮೆರಾ ಹಿಡಿಯುವವನು. ಆರು ವರ್ಷದ ಹಿಂದೆ ಜೇಜುರಿ ಗುಡ್ಡದ ಗುಡಿಯ ಮೆಟ್ಟಿಲುಗಳ ಮೇಲೆ ಭಂಡಾರ ಮಾರುವ ಒಬ್ಬ ಮುದುಕಿಯ ಫೋಟೋ ತೆಗೆದೆ. ಮುಖದ ಮುಂದೆ ಎತ್ತಿದ ಅಂಗೈ, ಅದರ ಗೆರೆಗಳಲ್ಲಿ ಕೂತ ಹಳದಿ. 'ಆಶೀರ್ವಾದ' ಎಂದು ಹೆಸರಿಟ್ಟು ಹವ್ಯಾಸಿಗಳ ಗುಂಪೊಂದರಲ್ಲಿ ಹಾಕಿದೆ. ಬಹಳ ಜನ ಮೆಚ್ಚಿದರು.

ಮೂರನೆಯ ದಿನ ಹೆಸರಿಲ್ಲದ, ಮುಖವಿಲ್ಲದ ಖಾತೆಯಿಂದ ಯಾರೋ ಬರೆದರು. ಮುದುಕಿ ಬೇಡವೆಂದು ಕೈ ಅಡ್ಡ ಹಿಡಿದರೂ ತೆಗೆದಿದ್ದೀಯ, ನೀನು ಹವ್ಯಾಸಿಯಲ್ಲ, ಕಳ್ಳ. ಕ್ಯಾಮೆರಾ ಮಾರಿ ಬೇರೆ ಏನಾದರೂ ಮಾಡು... ಇನ್ನೂ ಇತ್ತು, ಇಲ್ಲಿ ಬರೆಯುವಂಥದ್ದಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಕ್ಯಾಮೆರಾವನ್ನು ಕಾಕಾನ ಮೇಜಿನ ಮೇಲಿಟ್ಟು, ಯಾರಿಗಾದರೂ ಕೊಟ್ಟುಬಿಡಿ ಎಂದೆ.

ಅವರು ಕನ್ನಡಕ ಏರಿಸಿ ನನ್ನ ಮೊಬೈಲಿನಲ್ಲಿ ಎಲ್ಲವನ್ನೂ ಓದಿದರು. ಬೈದವನನ್ನು ಬಿಟ್ಟು, ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಕೇಳಿದರು.

"ಆಕಿ ಕೈ ಯಾಕ ಎತ್ತಿದ್ಲು?"

ಗೊತ್ತಿಲ್ಲ ಎಂದೆ.

"ಅಂವಾ ಅಲ್ಲಿ ಇರ್ಲಿಲ್ಲ, ತಮ್ಮಾ. ನೀ ಇದ್ದಿ. ನಿನಗ ಗೊತ್ತಿಲ್ಲಂದ್ರ ಹೆಂಗ?"

ಮುಂದಿನ ರವಿವಾರ ಸ್ಟುಡಿಯೋ ಮುಚ್ಚಿ, ಆ ಫೋಟೋದ ಒಂದು ಪ್ರತಿ ತೆಗೆದುಕೊಂಡು ಅವರೇ ನನ್ನ ಜೊತೆ ಬಂದರು. ಮೊಣಕಾಲು ನೋವು. ಮೆಟ್ಟಿಲು ಹತ್ತುವಾಗ ಪ್ರತಿ ದೀಪಮಾಲೆಯ ಕಲ್ಲುಕಂಬದ ಬುಡದಲ್ಲೂ ಕೂತು ಎದ್ದರು. ಆ ಮುದುಕಿ ಅದೇ ಜಾಗದಲ್ಲಿದ್ದಳು; ಅಲ್ಲಿ ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ನಮ್ಮ ಕಡೆಯ ಭಕ್ತರಿಗೆ ಮಾರಿ ಮಾರಿ ಕಲಿತ ಕನ್ನಡ ಅವಳದು. ಫೋಟೋ ಕೊಟ್ಟು, ಈ ಕೈ ಏನು ಎಂದು ಕೇಳಿದೆ.

"ಬ್ಯಾಡ ಅಂದಿದ್ದೆ," ಎಂದಳು, ಸಿಟ್ಟಿಲ್ಲದೆ. "ಗಾಳಿಗೆ ಸೆರಗು ಜಾರಿತ್ತು. ನೀ ಕೇಳಲೇ ಇಲ್ಲ."

ಕೈ ಮುಗಿದೆ. ಅವಳು ಬುಟ್ಟಿಯಿಂದ ಭಂಡಾರ ಹಿಡಿದು ನನ್ನ ಹಣೆಗೆ ಹಚ್ಚಿದಳು. ಗಾಳಿಗೆ ಅರ್ಧ ನನ್ನ ಚೀಲದ ಮೇಲೆ ಬಿತ್ತು. ಆಮೇಲೆ ಸೆರಗು ತಲೆಯ ಮೇಲೆ ಎಳೆದು ನೆಟ್ಟಗೆ ಕೂತಳು. ಕ್ಯಾಮೆರಾ ಎತ್ತಿದೆ. ಕೆಳಗಿನ ಮೆಟ್ಟಿಲಿನಿಂದ ಕಾಕಾ ನನ್ನನ್ನೇ ನೋಡುತ್ತಿದ್ದರು.

"ತೆಗೀಲೇನು, ಆಯಿ?"

"ಹೂಂ," ಎಂದಳು. ಕಾಕಾನ ಕಡೆ ತಿರುಗಿ, "ಈಗ ಕಲ್ತ ನೋಡ್ರಿ ಹುಡುಗ," ಎಂದು ನಕ್ಕಳು. ನನಗಾಗ ನಲವತ್ತೆರಡು.

ಮರಳುವ ಬಸ್ಸಿನಲ್ಲಿ ಆ ಅನಾಮಿಕನಿಗೆ ಉದ್ದದ ಉತ್ತರ ಬರೆಯತೊಡಗಿದ್ದೆ, ಧೈರ್ಯವಿದ್ದರೆ ಹೆಸರು ಹೇಳು ಎಂದು. ಕಾಕಾ ಬೇಡವೆಂದರು. "ಎಲ್ಲಿ ನಿಂತಿದ್ದಿ, ಎಷ್ಟೊತ್ತಿಗೆ, ಆಕಿ ಏನಂದ್ಲು. ಅಷ್ಟ ಬರಿ." ಹಾಗೇ ಬರೆದೆ: ಮೂರನೆಯ ದೀಪಮಾಲೆಯಿಂದ ನಾಲ್ಕು ಮೆಟ್ಟಿಲು ಕೆಳಗೆ, ಬೆಳಗ್ಗೆ ಎಂಟಕ್ಕೆ. ಅವರು ಬೇಡ ಎಂದಿದ್ದರು. ಫೋಟೋ ತೆಗೆದುಹಾಕಿದ್ದೇನೆ. ಉತ್ತರ ಬರಲಿಲ್ಲ. ಕಳ್ಳ ಎಂದದ್ದು ಇನ್ನೂ ಚುಚ್ಚುತ್ತದೆ ಎಂದೆ. "ಚುಚ್ಚತದ," ಎಂದರು ಕಾಕಾ. ಮತ್ತೆ ಸ್ವಾರಗೇಟ ಬರುವವರೆಗೆ ನನ್ನ ಕ್ಯಾಮೆರಾ ಚೀಲವನ್ನು ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಕಾಕಾ ಹೋಗಿ ಒಂದು ವರ್ಷವಾಯಿತು. ನನ್ನ ಬಳಿ ಅವರ ಒಂದೂ ಫೋಟೋ ಇಲ್ಲ. ಕೇಳಿದಾಗಲೆಲ್ಲ 'ನಾಳೆ' ಎನ್ನುತ್ತಿದ್ದರು. ಕೊನೆಯ ಸಲ ಅವರ ಮನೆಗೆ ಹೋದಾಗ ಹಾಸಿಗೆಯಲ್ಲಿ ಒರಗಿ ಕೂತಿದ್ದರು. ಕಿಟಕಿಯ ಬೆಳಕು ಮುಖದ ಮೇಲಿತ್ತು. ಕೇಳಿದೆ. "ನಾಳೆ, ತಮ್ಮಾ," ಎಂದರು. ಲೆನ್ಸಿನ ಮುಚ್ಚಳ ಹಾಕಿದೆ...

ಅಂದು ಆ ಮೆಟ್ಟಿಲ ಮೇಲೆ ಇದ್ದವರು ನಾವು ಮೂವರು. ಹೋದ ರವಿವಾರ ಹತ್ತೂವರೆಯ ಬಸ್ಸು ಹಿಡಿದು ಜೇಜುರಿಗೆ ಹೋದೆ. ನಿಮ್ಮ ಕಾಕಾ ಬರಲಿಲ್ಲವೇ ಎಂದು ಆಯಿ ಕೇಳಿದಳು. ಹೇಳಿದೆ. ಬುಟ್ಟಿಯಿಂದ ಚಿಟಿಕೆ ಭಂಡಾರ ತೆಗೆದು ಕಾಕಾ ನಿಂತಿದ್ದ ಮೆಟ್ಟಿಲಿನ ಮೇಲೆ ಹಾಕಿದಳು. ಅವಳು ಇದ್ದಾಳೆ, ಮೂರನೆಯ ದೀಪಮಾಲೆಯ ಪಕ್ಕ. ಅಂದು ಏನಾಯಿತೆಂದು ಯಾರಾದರೂ ಕೇಳಿದರೆ ಹೇಳುತ್ತಾಳೆ.