ಒಂದೇ ಹೂವಿಗೆ ಎರಡು ಬಣ್ಣ

೨೦೨೪ ಸೆಪ್ಟೆಂಬರ್ ೨೧, ಶನಿವಾರ, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ಪೆದ್ದಕಡುಬೂರಿನ ಅಂಚಿನ ಹತ್ತಿ ಹೊಲದ ಬದುವಿನಲ್ಲಿ ಮೂರನೇ ತರಗತಿಯ ಮಕ್ಕಳು ರಟ್ಟು, ಕಾಗದ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೊಗ್ಗು ಇನ್ನೂ ಬಿಚ್ಚಿಲ್ಲ. ಅಲ್ಲಿಯವರೆಗೆ ಎಲೆಯ ಚಿತ್ರ ಬರೆಯಿರಿ ಎಂದು ಹೇಳಿ ಪದ್ಮಜಾ ಟೀಚರ್ ಮೊಣಕಾಲು ಹಿಡಿದುಕೊಂಡು ಕಲ್ಲಿನ ಮೇಲೆ ಕೂರುತ್ತಾರೆ. ಆದೋನಿಯಿಂದ ಮೊದಲ ಬಸ್ಸಿಗೆ ಬಂದವರು. ಚಹಾ ಕೂಡ ಆಗಿಲ್ಲ.

ಹೊಲದ ಮಾಲೀಕ ಭೀಮಲಿಂಗಪ್ಪನವರದು ಒಂದೇ ಷರತ್ತು: ಹೂವು ಕೀಳಬಾರದು. ಕಿತ್ತ ಹೂವು ಕಾಯಾಗುವುದಿಲ್ಲ. ಹಾಗಾಗಿ ಮಕ್ಕಳೇ ಗಿಡದ ಹತ್ತಿರ ಬರುತ್ತಾರೆ. "ಟೀಚರಮ್ಮಾ, ಈ ಸಲನಾರ ತೂತಿಲ್ಲದ ಎಲಿ ಬರಸ್ರಿ. ನೋಡಿದೋರು ನನ್ನ ಹೊಲ ಪೂರಾ ಹುಳಾ ತಿಂದೈತಿ ಅಂತಾರ," ಎಂದು ಅವರು ಕಾಲೆಳೆಯುತ್ತಾರೆ.

ಪದ್ಮಜಾ ಅವರಿಗೆ ಐವತ್ತೊಂದು. ಊರಿನ ಖಾಸಗಿ ಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಚಿತ್ರಕಲೆ ಕಲಿಸುತ್ತಿದ್ದಾರೆ. ವಾರ್ಷಿಕೋತ್ಸವದ ಬ್ಯಾನರ್ ಬರೆಯುವವರೂ ಅವರೇ, ಯಾರೇ ರಜೆ ಹಾಕಿದರೂ ಆ ತರಗತಿಗೆ ಹೋಗುವವರೂ ಅವರೇ. ಒಳಗೆ ಕೂರಿಸಿ ಬರೆಸಿದರೆ ಎಲ್ಲರ ಹಾಳೆಯಲ್ಲೂ ಅದೇ ತೆಂಗಿನ ಮರ ಬರುತ್ತದೆ. ಅದಕ್ಕೇ ಈ ಹೊಲ.

ಈ ಬಾರಿ ದಣಿವಿನ ಜೊತೆ ಆತಂಕವೂ ಇದೆ. ಸೋಮವಾರ ಪಾಲಕರು ಬರುತ್ತಾರೆ. ಗೋಡೆಯ ಮೇಲಿನ ಚಿತ್ರಗಳು ಮೆಚ್ಚುಗೆಯಾಗದಿದ್ದರೆ ದಸರಾ ನಂತರ ಚಿತ್ರಕಲೆಯ ಅವಧಿ ಗಣಿತಕ್ಕೆ ಹೋಗುತ್ತದೆ ಎಂದು ಶಾಲೆ ನಡೆಸುವ ವಾಗೀಶ್ ಹೇಳಿಬಿಟ್ಟಿದ್ದಾರೆ.

ಸೋಮವಾರ ಬೆಳಿಗ್ಗೆ ಅದೇ ತರಗತಿಯ ಭುವನಾ ತಂದುಕೊಟ್ಟ ಚಿತ್ರದಲ್ಲಿ ಹೂವು ಅರ್ಧ ಕೆನೆಬಣ್ಣ, ಅರ್ಧ ಗುಲಾಬಿ. "ನಿನ್ನೆ ಹೋಗಿ ನೋಡಿದ್ರ ಪಿಂಕ್ ಆಗಿತ್ತು ಟೀಚರ್. ಅರ್ಧ ಬಣ್ಣ ತುಂಬೋದು ಉಳಿದಿತ್ತಲ್ಲ, ಅದಕ್ಕ."

ಹತ್ತಿ ಹೂವು ಅರಳಿದ ಮರುದಿನ ಬಣ್ಣ ಬದಲಿಸುತ್ತದೆ. ವಾಗೀಶ್ ಅವರಿಗೂ ಅದು ಗೊತ್ತು. ಹತ್ತಿ ವ್ಯಾಪಾರದ ಮನೆಯವರು. ಚಿತ್ರವನ್ನು ಕೈಗೆತ್ತಿಕೊಳ್ಳುತ್ತಾರೆ. "ನಮಗ ತಿಳೀತೈತಿ ಮೇಡಂ. ಬಂದೋರು ಹುಡುಗಿಗೆ ಬಣ್ಣ ತುಂಬಾಕೂ ಬರಂಗಿಲ್ಲ ಅಂತಾರ. ಒಂದ ಬಣ್ಣ ಮಾಡಿಬಿಡ್ರಿ."

ಪದ್ಮಜಾ ಬ್ರಷ್ ತೆಗೆದುಕೊಳ್ಳುವುದಿಲ್ಲ. "ಆಕಿ ನೋಡಿದ್ದನ್ನ ಬರದಾಳ ಸರ್. ಇವತ್ತು ನಾನು ತಿದ್ದಿದ್ರ, ನಾಳಿಂದ ಆಕಿ ನನ್ನ ಮುಖ ನೋಡಿ ಬರೀತಾಳ. ಗಿಡ ನೋಡಂಗಿಲ್ಲ."

ಚಿತ್ರ ಹಾಗೆಯೇ ಗೋಡೆಗೇರುತ್ತದೆ. ಕೆಲವು ಪಾಲಕರು ನಗುತ್ತಾರೆ, ಉಳಿದವರು ಅಂಕಪಟ್ಟಿ ಕೇಳುತ್ತಾರೆ. ಸಂಜೆ ವಾಗೀಶ್ ಅವಧಿಯನ್ನು ಪೂರ್ತಿ ತೆಗೆಯದೆ ಅರ್ಧಕ್ಕಿಳಿಸುತ್ತಾರೆ. ಬಸ್ ನಿಲ್ದಾಣದಲ್ಲಿ ಚಪ್ಪಲಿ ಕಳಚಿ ಪಾದ ಒತ್ತಿಕೊಳ್ಳುತ್ತಾ ಪದ್ಮಜಾ ತಮಗೆ ತಾವೇ ಹೇಳಿಕೊಳ್ಳುತ್ತಾರೆ: "ಅಷ್ಟು ಹೊತ್ತಿನ್ಯಾಗ ಹೂವು ಮುಗಿಯಂಗಿಲ್ಲ. ಒಂದು ಎಲಿ ಆಗತೈತಿ, ಸಾಕು."

ದಸರಾ ನಂತರ ಅವರಿಗೆ ಉಳಿಯುವುದು ವಾರಕ್ಕೆ ಇಪ್ಪತ್ತು ನಿಮಿಷ.