ಬೋಳುಕಾರಿನಲ್ಲಿ ತೆಂಗಿನಕಾಯಿ

ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಭಾವನವರು ಕಾಫಿ ತೋಟದ ಮಾಲೀಕರೊಬ್ಬರಿಂದ ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದರು. ಅದರಲ್ಲಿ ಇದ್ದದ್ದು ಎರಡೇ ಆಸನ. ಕ್ಯಾನ್ವಾಸಿನ ಮೇಲ್ಛಾವಣಿಯನ್ನು ಮಡಚಿ ಹಿಂದಕ್ಕೆ ಹಾಕಿದರೆ ಕೂತವರ ತಲೆಯ ಮೇಲೆ ಬಿಸಿಲಲ್ಲದೆ ಬೇರೇನೂ ಇರುತ್ತಿರಲಿಲ್ಲ. ಕಿಬ್ಬನಹಳ್ಳಿಯ ಸುತ್ತಿನ ಜನ ಅದನ್ನು ಬೋಳುಕಾರು ಎಂದು ಕರೆದರು. ಭಾವನವರ ಮೋಹ ಒಂದು ಮಳೆಗಾಲದಲ್ಲಿ ಇಳಿದುಹೋಯಿತು. ಅವರು ಮೋಟಾರ್ ಸೈಕಲ್ಲಿಗೆ ಮರಳಿದರು. ಅಷ್ಟರಲ್ಲಿ ನನ್ನ ಅಕ್ಕ ಕಾರು ನಡೆಸುವುದನ್ನು ಕಲಿತಿದ್ದಳು.

ಮನೆಯ ಸೊಸೆ ಸುಮ್ಮನೆ ಕಾರಿನಲ್ಲಿ ತಿರುಗಾಡುವುದು ಆ ಮನೆಯಲ್ಲಿ ನಡೆಯುವ ಮಾತಾಗಿರಲಿಲ್ಲ. ಆದುದರಿಂದ ಅಕ್ಕ ಕಾರಿಗೊಂದು ಕೆಲಸ ಕಲ್ಪಿಸಿದಳು. ಹಾಲ್ಕುರಿಕೆಯ ಕಡೆಗಿದ್ದ ತೋಟದಲ್ಲಿ ಉದುರಿದ ಕಾಯಿಗಳನ್ನು ಚೀಲಕ್ಕೆ ತುಂಬಿಸಿ, ಆಸನಗಳ ಹಿಂದಿನ ಜಾಗದಲ್ಲಿ ಹೇರಿಕೊಂಡು, ಕೊಬ್ಬರಿಯ ಅಟ್ಟಕ್ಕೆ ತಂದು ಹಾಕುವುದೇ ಆ ಕೆಲಸ. ಅವಳ ಮಾವನವರು ಇದನ್ನು ನೋಡಿಯೂ ಮಾತಾಡಲಿಲ್ಲ. ಆ ಯಜಮಾನರು ಮಾತಾಡದಿದ್ದರೆ ಒಪ್ಪಿದ್ದಾರೆಂದೇ ಅರ್ಥ.

ಆಮೇಲೆ ಕಾರು ದಾರಿಯಲ್ಲಿ ನಿಲ್ಲತೊಡಗಿತು. ಕೆರೆಯ ಏರಿಯ ಮೇಲೆ, ತೂಬಿನ ಹತ್ತಿರ, ರಸ್ತೆ ಕುಸಿದಿದ್ದ ಕಡೆ ನಿಧಾನಿಸಿದೊಡನೆ ಎಂಜಿನ್ ಆರಿಹೋಗುತ್ತಿತ್ತು. ಹಾರ್ನ್ ಕೂಗುತ್ತಿರಲಿಲ್ಲ, ದೀಪ ಹತ್ತುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಎತ್ತಿನಗಾಡಿಗೆ ಕಾಯಿಚೀಲಗಳನ್ನು ವರ್ಗಾಯಿಸಿ, ಕಾರಿಗೆ ಹಗ್ಗ ಬಿಗಿದು, ಎತ್ತುಗಳಿಂದ ಮನೆಯವರೆಗೆ ಎಳೆಸಬೇಕಾಗುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದೆ.

"ಅಕ್ಕಯ್ಯ, ಇದಕ್ಕೆ ಪೆಟ್ರೋಲ್ ಹಾಕ್ಸೋದ್ ಬುಟ್ಬುಡಿ, ನಮ್ಮೆತ್ಗೊಳ್ಗೆ ಬೂಸಾ ಹಾಕ್ಸಿ. ದಿನಾ ಬತ್ತೀವಿ," ಎಂದ ಗಾಡಿಯವನು.

"ನಿನ್ನೆತ್ತು ಮೊದ್ಲು ಈ ಹಳ್ಳ ದಾಟ್ಲಿ, ಆಮೇಲ್ ಮಾತಾಡೀವಂತೆ," ಎಂದಳು ಅಕ್ಕ, ಸ್ಟಿಯರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತ.

ಅಂದು ಯಜಮಾನರು ಜಗಲಿಯಿಂದ ಎದ್ದು ಬಂದರು. "ಮನೆ ಸೊಸೆ ಎತ್ತಿನ್ ಬಾಲ ನೋಡ್ಕಂಡು ಕಾರಲ್ಲಿ ಬರೋದು ಚೆಂದಾಗೈತೇನಮ್ಮ? ಇನ್ನೊಂದ್ ಸಲ ನಿಂತ್ರೆ ಮುಗೀತು. ಅರಸೀಕೆರೆ ನೆಂಟ್ರು ಕಾರ್ ಕೇಳ್ತಾವ್ರೆ, ಹೊಡ್ಕಂಡ್ ಹೋಗ್ಲಿ."

ಅಕ್ಕ ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ನನ್ನ ಲೋಟಕ್ಕೆ ಸಕ್ಕರೆ ಹಾಕಲು ಮರೆತಿದ್ದಳು.

ನಾನಾಗ ತುರುವೇಕೆರೆಯಲ್ಲಿ ಉಪಾಧ್ಯಾಯನಾಗಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸು ಹಿಡಿದು ಬಂದು, ಕಾರಿನ ವೈರುಗಳನ್ನು ಪರೀಕ್ಷಿಸತೊಡಗಿದೆ. ಹಳೆಯ ಸ್ಕೂಟರಿನ ಬಲ್ಬೊಂದಕ್ಕೆ ಎರಡು ವೈರು ಬೆಸೆದು ಟೆಸ್ಟ್ ಲ್ಯಾಂಪು ಮಾಡಿಕೊಂಡೆ. ಬ್ಯಾಟರಿಯಿಂದ ಹೊರಟು ಸ್ವಿಚ್ಚಿನವರೆಗೆ, ಸ್ವಿಚ್ಚಿನಿಂದ ಕಾಯಿಲಿನವರೆಗೆ, ಒಂದು ಜೋಡಣೆಯನ್ನೂ ಬಿಡದೆ ನೋಡಿದೆ. ಫ್ಯೂಸುಗಳ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿದೆ. ಅರ್ತ್ ವೈರನ್ನು ಬಿಚ್ಚಿ, ಅದರ ಕೆಳಗಿನ ಬಣ್ಣ ಕೆರೆದು, ಮತ್ತೆ ಬಿಗಿದೆ. ಎಲ್ಲಿ ಮುಟ್ಟಿಸಿದರೂ ಬಲ್ಬು ಹತ್ತಿತು. ಮುಂದಿನ ಶನಿವಾರ ಬಂದಾಗ ಮತ್ತೆ ಅದೇ ವಿಧಾನ, ಅದೇ ಫಲ.

"ಏನ್ ಮೇಷ್ಟ್ರೇ, ನಿಮ್ ಹುಡ್ಗ ಪಾಸೋ ಫೇಲೋ?" ಎಂದು ಯಜಮಾನರು ಜಗಲಿಯಿಂದ ಕೇಳಿದರು.

"ಪ್ರಶ್ನೆ ಕೇಳಿದ್ರೆ ಎಲ್ಲಕ್ಕೂ ಉತ್ತರ ಹೇಳ್ತಾನೆ," ಎಂದೆ.

"ಏರಿ ಮ್ಯಾಲೆ ಕೇಳಿ. ಅಲ್ಲಿ ಬಾಯ್ ಬಿಡಕ್ಕಿಲ್ಲ."

ಅಕ್ಕ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ನಿಜ ಕಣ್ಲಾ. ಮನೆ ಮುಂದೆ ಇದು ಯಾವತ್ತೂ ನಿಂತಿಲ್ಲ."

"ತೋಟಕ್ಕೆ ಹೋಗುವಾಗ?"

"ಆಗ್ಲೂ ಇಲ್ಲ. ಬರ್ವಾಗ್ಲೇ."

ಹೋಗುವಾಗಲೂ ಅದೇ ಏರಿ, ಅದೇ ತೂಬು. ಬರುವಾಗ ಹೆಚ್ಚುವರಿಯಾಗಿ ಇರುತ್ತಿದ್ದದ್ದು ಕಾಯಿ ಮಾತ್ರ. ಎಳೆಸುವ ಮೊದಲು ಕಾಯಿಯನ್ನು ಗಾಡಿಗೆ ಹಾಕುವುದು ವಾಡಿಕೆ. ಹಗ್ಗ ಕಟ್ಟಿದ ಮೇಲೆ ಮತ್ತೆ ಸ್ವಿಚ್ಚು ತಿರುಗಿಸಿ ನೋಡಿದವರಿಲ್ಲ. ಹೀಗೆ ನನ್ನ ಕೈಗೆ ಬರುತ್ತಿದ್ದದ್ದು ಯಾವಾಗಲೂ ಖಾಲಿ ಕಾರು.

ಅಟ್ಟದ ಕೆಳಗಿದ್ದ ಚೀಲಗಳನ್ನು ತಂದು ಆಸನಗಳ ಹಿಂದೆ ಹೇರಿದೆವು. ಹೆಡ್‌ಲೈಟ್ ಹಾಕಿ, ಅದರ ಬೆಳಕು ಕೊಟ್ಟಿಗೆಯ ಗೋಡೆಯ ನೆರಳಿನಲ್ಲಿ ಕಾಣುವಂತೆ ಕಾರನ್ನು ನಿಲ್ಲಿಸಿದೆ. ದೀಪ ಉರಿಯುತ್ತಲೇ ಇತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಚೀಲಗಳ ಮೇಲೆ ಹತ್ತಿ ಕೂತು, ತೂಬಿನ ಹತ್ತಿರ ಕಾರು ಕುಲುಕುವ ಹಾಗೆಯೇ ಒಮ್ಮೆ ಕುಲುಕಿದಳು. ಗೋಡೆಯ ಮೇಲಿನ ಬೆಳಕು ಆರಿತು. ಅವಳು ಇಳಿದು ಒಂದು ಚೀಲವನ್ನು ಎತ್ತಿದಳು. ಬೆಳಕು ಬಂತು.

ಬ್ಯಾಟರಿ ಇದ್ದದ್ದು ಆ ಚೀಲಗಳ ಕೆಳಗೆ, ನೆಲದ ಗೂಡಿನಲ್ಲಿ. ಅದರ ತಗಡಿನ ಮುಚ್ಚಳ ಎಂದೋ ತುಕ್ಕು ತಿಂದು ಹೋಗಿ, ಯಾರೋ ತೆಳ್ಳನೆಯ ಪ್ಲೈವುಡ್ ಹಾಕಿದ್ದರು. ಕಾಯಿಯ ಭಾರಕ್ಕೆ ಪ್ಲೈವುಡ್ ಬಗ್ಗಿ ಬ್ಯಾಟರಿಯ ದಪ್ಪ ಕೇಬಲ್ಲನ್ನು ಒತ್ತುತ್ತಿತ್ತು. ಕೇಬಲ್ಲಿನ ತುದಿಯಲ್ಲಿದ್ದ ಸೀಸದ ಟೋಪಿ ಬ್ಯಾಟರಿಯ ಗೂಟದಿಂದ ಮೇಲೆದ್ದು ಸಂಪರ್ಕ ತಪ್ಪುತ್ತಿತ್ತು. ಕಾರು ವೇಗವಾಗಿ ಓಡುವಾಗ ಡೈನಮೋದ ವಿದ್ಯುತ್ತೇ ಎಂಜಿನ್ನನ್ನು ನಡೆಸಿಕೊಂಡು ಹೋಗುತ್ತಿತ್ತು. ನಿಧಾನಿಸಿದರೆ ಅದೂ ಇಲ್ಲ.

ಟೋಪಿಗೆ ಹೊಸ ಸ್ಕ್ರೂ ಹಾಕಿ ಬಿಗಿದೆ. ಮುಚ್ಚಳದ ಕೆಳಗೆ ತೆಂಗಿನ ರೀಪುಗಳನ್ನು ಅಡ್ಡಕ್ಕೆ ಕೂರಿಸಿ, ಕೇಬಲ್ಲಿನ ಮೇಲೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಯಜಮಾನರನ್ನು ಕರೆದು ವಿವರಿಸಿದೆ. ಅವರು ಬಗ್ಗಿ ನೋಡಿದರು.

"ಕಾಯಿ ಹೇರಿದ್ಕೇ ತಾನೆ ಇಷ್ಟೆಲ್ಲ? ಹೇರೋದ್ ಬುಟ್ರಾಯ್ತು. ಕಾಯಿಗೆ ಗಾಡಿ ಐತೆ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕಾಯಿ ನಿಂತರೆ ಅಕ್ಕ ಕಾರು ತೆಗೆಯುವುದಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ. ಅರಸೀಕೆರೆಗೆ ಹೋದರೂ ಒಂದೇ, ಕೊಟ್ಟಿಗೆಯಲ್ಲಿ ನಿಂತರೂ ಒಂದೇ.

ಅಕ್ಕ ಕೈಯ ಧೂಳು ಕೊಡವಿಕೊಂಡಳು. "ಹೇರಿದ್ರೂ ನಿಲ್ಲಲ್ಲ ಮಾವ. ನೀವೇ ಬನ್ನಿ, ಕೂತ್ಕಳಿ. ನಿಂತ್ರೆ ಕಾರು ಅಲ್ಲಿಂದ್ಲೇ ಅರಸೀಕೆರೆಗೆ ಹೋಗ್ಲಿ."

ಅವರು ಮೇಲುವಸ್ತ್ರವನ್ನು ತಲೆಗೆ ಸುತ್ತಿಕೊಂಡು ಬಂದು ಕೂತರು. ನಾನು ಸೈಕಲ್ಲಿನಲ್ಲಿ ಮುಂದೆ ಹೋಗಿ ಏರಿಯ ಮೇಲೆ ಕಾದೆ.

ತೋಟದಿಂದ ಮರಳುವಾಗ ಕಾರಿನಲ್ಲಿ ಎಂದಿಗಿಂತ ಹೆಚ್ಚು ಚೀಲಗಳಿದ್ದವು; ಹಿಂದಿನ ಚಕ್ರಗಳ ಮೇಲೆ ಮೈ ತಗ್ಗಿತ್ತು. ತೂಬಿನ ಹತ್ತಿರ ಅಕ್ಕ ವೇಗ ತಗ್ಗಿಸಿದಳು, ಅಗತ್ಯಕ್ಕಿಂತಲೂ ಹೆಚ್ಚಾಗಿ. ಕುಸಿದ ಜಾಗಕ್ಕೆ ಚಕ್ರ ಇಳಿಯಿತು, ಚೀಲಗಳು ಕುಲುಕಿದವು, ಯಜಮಾನರು ಬಾಗಿಲನ್ನು ಹಿಡಿದುಕೊಂಡರು. ಎಂಜಿನ್ ಅದೇ ಸದ್ದಿನಲ್ಲಿ ಮೇಲೆ ಹತ್ತಿತು.

ನಾನು ಮನೆ ತಲುಪುವಷ್ಟರಲ್ಲಿ ಕಾಯಿ ಇಳಿಸುತ್ತಿದ್ದರು. ಯಜಮಾನರು ಜಗಲಿಯಲ್ಲಿ ಕೂತು ತಲೆಯ ವಸ್ತ್ರ ಬಿಚ್ಚುತ್ತಿದ್ದರು.

"ತ್ವಾಟದಾಗೆ ಇನ್ನೂ ಬಿದ್ದವೆ ಕಣಮ್ಮ," ಎಂದರು ಸೊಸೆಗೆ. "ಬೆಳಕಿದ್ದಂಗೇ ಇನ್ನೊಂದ್ ಸಲ ಹೋಗ್ಬುಟ್ ಬಾ."